ಅಲೆಗಳನ್ನು ಅಳೆದವರು: ನಿಸ್ತಂತು ಜಾಲದ ಅಗ್ಗದ ಉಪಕರಣಗಳ ಒಂದು ಚರಿತ್ರೆ

ವೈಫೈ ಎಂಬ ಪದವನ್ನು ಇಂದು ಅಂಗನವಾಡಿಗೆ ಹೋಗುವ ಮಗುವೂ ಬಲ್ಲದು. ಆದರೆ ಆ ವೈಫೈ ಒಂದು ಕೋಣೆಯಲ್ಲಿ ಏಕೆ ಬರುತ್ತದೆ, ಪಕ್ಕದ ಕೋಣೆಯಲ್ಲಿ ಏಕೆ ಬರುವುದಿಲ್ಲ ಎಂದು ಹುಡುಕುವ ವಿದ್ಯೆಗೂ ಒಂದು ಚರಿತ್ರೆಯಿದೆ ಎಂಬುದು ಹಲವರ ಗಮನಕ್ಕೆ ಬಂದಿರಲಾರದು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಇಂದು ಶಾಲೆಗಳನ್ನು ನಡೆಸುತ್ತಿದ್ದಾರೆ, ಕೆಲವರು ಆಸ್ಪತ್ರೆಯ ಆಡಳಿತದಲ್ಲಿದ್ದಾರೆ, ಇನ್ನು ಕೆಲವರು ಬೆಂಗಳೂರಿನಲ್ಲಿ ಇಂಜಿನಿಯರುಗಳಾಗಿದ್ದಾರೆ. "ಮೇಷ್ಟ್ರೇ, ಜಾಲ ಸರಿಯಿಲ್ಲ, ಪರೀಕ್ಷಿಸಲು ಯಾವ ಉಪಕರಣ ಕೊಳ್ಳುವುದು?" ಎಂಬ ಪ್ರಶ್ನೆ ಆಗಾಗ ನನಗೆ ಬರುವುದುಂಟು. ನಾನು ಇಂಜಿನಿಯರನಲ್ಲ, ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದವನು. ಆದ್ದರಿಂದ ಅಂಗಡಿಯ ಬೆಲೆಪಟ್ಟಿಯ ಬದಲು ಚರಿತ್ರೆಯ ಮೂಲಕವೇ ಉತ್ತರ ಹೇಳಲು ಇಲ್ಲಿ ಯತ್ನಿಸಿದ್ದೇನೆ.

ನಿಸ್ತಂತು ಅಲೆಗಳ ಮೊದಲ ಸ್ಥಳ ಸಮೀಕ್ಷೆ ನಡೆದದ್ದು 1888ರಲ್ಲಿ, ಜರ್ಮನಿಯ ಕಾರ್ಲ್ಸ್‌ರುಹೆಯ ಒಂದು ಉಪನ್ಯಾಸ ಮಂದಿರದಲ್ಲಿ. ಸಮೀಕ್ಷಕ ಹೈನ್ರಿಖ್ ಹರ್ಟ್ಸ್. ಆತನ ಉಪಕರಣವೆಂದರೆ ಬಳೆಯಂತೆ ಬಾಗಿಸಿದ ಒಂದು ತಂತಿ, ಅದರ ತುದಿಗಳ ನಡುವೆ ಕೂದಲೆಳೆಯಷ್ಟು ಬಿರುಕು. ಅಲೆ ತಾಗಿದಾಗ ಆ ಬಿರುಕಿನಲ್ಲಿ ಸಣ್ಣ ಕಿಡಿ ಹಾರುತ್ತಿತ್ತು. ಕಿಡಿ ಎಷ್ಟು ಕ್ಷೀಣವೆಂದರೆ ಅದನ್ನು ಕಾಣಲು ಕೋಣೆಯನ್ನು ಕತ್ತಲು ಮಾಡಿ, ಕಣ್ಣು ಕತ್ತಲಿಗೆ ಒಗ್ಗುವವರೆಗೆ ಕಾಯಬೇಕಾಗಿತ್ತು. ಗೋಡೆಗೆ ಸತುವಿನ ತಗಡು ನಿಲ್ಲಿಸಿ, ಅಲೆಯನ್ನು ಅದಕ್ಕೆ ಬಡಿಸಿ, ಹರ್ಟ್ಸ್ ತಂತಿಯ ಬಳೆಯನ್ನು ಹಿಡಿದು ಕೋಣೆಯಲ್ಲಿ ಹೆಜ್ಜೆಹೆಜ್ಜೆಯಾಗಿ ನಡೆದ. ಒಂದು ಕಡೆ ಕಿಡಿ ಪ್ರಬಲ, ಸ್ವಲ್ಪ ಮುಂದೆ ಕಿಡಿಯೇ ಇಲ್ಲ, ಮತ್ತೆ ಮುಂದೆ ಪ್ರಬಲ. ಹೋಗುವ ಅಲೆ ಮತ್ತು ಮರಳಿ ಬರುವ ಅಲೆ ಕೂಡಿ ನಿಂತ ಅಲೆಯಾಗಿರುವುದನ್ನು ಆತ ಹೀಗೆ ಕಂಡುಕೊಂಡ.

ಇದು ಕೇವಲ ಇತಿಹಾಸವಲ್ಲ. ನಿಮ್ಮ ಮನೆಯ 2.4 ಗಿಗಾಹರ್ಟ್ಸ್ ವೈಫೈ ಅಲೆಯ ತರಂಗದೂರ ಸುಮಾರು 12.5 ಸೆಂಟಿಮೀಟರ್. ಗೋಡೆ, ಬೀರು, ಕಿಟಕಿಯ ಸರಳುಗಳಿಗೆ ಬಡಿದು ಮರಳುವ ಅಲೆಗಳು ಸೇರಿ, ಮೂರು ನಾಲ್ಕು ಸೆಂಟಿಮೀಟರ್ ಅಂತರದಲ್ಲೇ ಸಂಕೇತ ಪ್ರಬಲವಾಗಿರುವ ಜಾಗವೂ ದುರ್ಬಲವಾಗಿರುವ ಜಾಗವೂ ಉಂಟಾಗಬಹುದು. ಆದ್ದರಿಂದ ಒಂದೇ ಜಾಗದಲ್ಲಿ ನಿಂತು ಒಂದೇ ಸಲ ಮೊಬೈಲ್ ನೋಡಿ "ಇಲ್ಲಿ ಇಷ್ಟು" ಎಂದು ಬರೆದುಕೊಂಡರೆ ಅದು ಅಳತೆಯಾಗುವುದಿಲ್ಲ. ನಿಧಾನವಾಗಿ ಮೈ ತಿರುಗಿಸುತ್ತ, ಕೈ ಆಚೀಚೆ ಸರಿಸುತ್ತ ನಾಲ್ಕೈದು ಸಲ ನೋಡಿ ಸರಾಸರಿ ತೆಗೆಯಬೇಕು. ಲಕ್ಷ ರೂಪಾಯಿಯ ಉಪಕರಣ ಹಿಡಿದವನಿಗೂ ಇದರಿಂದ ವಿನಾಯಿತಿಯಿಲ್ಲ.

ಹರ್ಟ್ಸ್‌ನ ನಂತರ ನಮ್ಮವರೇ ಆದ ಜಗದೀಶಚಂದ್ರ ಬೋಸರನ್ನು ನೆನೆಯಬೇಕು. ಕಲ್ಕತ್ತದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅವರಿಗೆ ದೊರೆತ ಅನುಕೂಲಗಳು ಅತ್ಯಲ್ಪ. ಆದರೂ ಕೆಲವೇ ಮಿಲಿಮೀಟರ್ ತರಂಗದೂರದ ಅಲೆಗಳನ್ನು ಉತ್ಪಾದಿಸಿ, 1895ರಲ್ಲಿ ಸಾರ್ವಜನಿಕರ ಮುಂದೆ ದೂರದಿಂದಲೇ ಗಂಟೆ ಬಾರಿಸಿ, ಮದ್ದಿನಪುಡಿ ಸಿಡಿಸಿ ತೋರಿಸಿದರು. ಅಲೆಯ ಧ್ರುವೀಕರಣವನ್ನು ಪರೀಕ್ಷಿಸಲು ಅವರು ಬಳಸಿದ ಸಾಧನಗಳಲ್ಲೊಂದು ಬ್ರಾಡ್‌ಶಾ ರೈಲ್ವೆ ವೇಳಾಪಟ್ಟಿಯ ಪುಸ್ತಕ! ಅದರ ಹಾಳೆಗಳ ನಡುವೆ ತವರದ ತೆಳುಹಾಳೆಗಳನ್ನು ಇಟ್ಟರೆ ಸಮಾನಾಂತರ ಲೋಹದ ಪದರಗಳಾಗುತ್ತವೆ. ಒಂದು ದಿಕ್ಕಿನಲ್ಲಿ ಹಿಡಿದರೆ ಅಲೆ ಹಾದುಹೋಗುತ್ತದೆ, ಇನ್ನೊಂದು ದಿಕ್ಕಿನಲ್ಲಿ ತಡೆಯಲ್ಪಡುತ್ತದೆ. ಬಡತನದಿಂದ ಪುಸ್ತಕ ಹಿಡಿದರೆಂದು ಇದನ್ನು ಓದಬಾರದು. ಅಲೆಗೆ ಕೇಳಬೇಕಾದ ಪ್ರಶ್ನೆ ಯಾವುದೆಂದು ಅವರಿಗೆ ಸ್ಪಷ್ಟವಿತ್ತು. ಆ ಪ್ರಶ್ನೆಗೆ ಸಮಾನಾಂತರ ಪದರಗಳು ಸಾಕಾಗಿದ್ದವು.

ಇನ್ನು ನಮ್ಮ ಕಾಲಕ್ಕೆ ಬರೋಣ. 1985ರಲ್ಲಿ ಅಮೆರಿಕದ ಸಂಪರ್ಕ ನಿಯಂತ್ರಣ ಆಯೋಗವು ಕೆಲವು ಆವೃತ್ತಿ ಪಟ್ಟಿಗಳನ್ನು ಪರವಾನಗಿಯಿಲ್ಲದೆ ಸಂವಹನಕ್ಕೆ ಬಳಸಲು ಬಿಟ್ಟುಕೊಟ್ಟಿತು. ಅವುಗಳಲ್ಲಿ 2.4 ಗಿಗಾಹರ್ಟ್ಸ್ ಒಂದು. ಮೈಕ್ರೋವೇವ್ ಒಲೆಗಳು ಕೆಲಸ ಮಾಡುವುದು ಅಲ್ಲಿಯೇ. ಒಂದರ್ಥದಲ್ಲಿ ಅದು ಯಾರಿಗೂ ಬೇಡದ ಗೋಮಾಳ. 1997ರಲ್ಲಿ ವೈಫೈಯ ಮೊದಲ ಮಾನಕ ಬಂದಾಗ ಅದರ ಗರಿಷ್ಠ ವೇಗ ಸೆಕೆಂಡಿಗೆ 2 ಮೆಗಾಬಿಟ್. 1999ರಲ್ಲಿ ಅದು 11ಕ್ಕೆ ಏರಿತು. ಭಾರತದಲ್ಲಿ 2005ರ ಜನವರಿಯಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯೂ 2018ರಲ್ಲಿ 5 ಗಿಗಾಹರ್ಟ್ಸ್‌ನ ಬಹುಭಾಗವೂ ಪರವಾನಗಿಯಿಂದ ಮುಕ್ತವಾದವು. ಗೋಮಾಳಕ್ಕೆ ಎಲ್ಲರ ದನವೂ ನುಗ್ಗುವಂತೆ ಇಲ್ಲಿಯೂ ಆಯಿತು. ಯಾರ ದನ ಯಾರ ಮೇವು ತಿನ್ನುತ್ತಿದೆ ಎಂದು ತಿಳಿಯುವ ಸಾಧನಗಳು ಬೇಕಾದವು.

ವೃತ್ತಿಪರರಿಗಾಗಿ ಕಂಪನಿಗಳು ಅಂತಹ ಸಾಧನಗಳನ್ನು ಮಾಡಿದವು, ಬೆಲೆ ಮಾತ್ರ ಸಾವಿರಾರು ಡಾಲರ್. ಆದರೆ ಜನಸಾಮಾನ್ಯರ ಸಾಧನಗಳು ಬೇರೆ ದಾರಿಯಿಂದ ಬಂದವು. ಪೀಟ್ ಶಿಪ್ಲಿ ಎಂಬಾತ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಮುತ್ತ ಕಾರಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ತಿರುಗಿ, ದಾರಿಯುದ್ದಕ್ಕೂ ಕೇಳಿಸುವ ಜಾಲಗಳನ್ನು ದಾಖಲಿಸಿ, 2001ರಲ್ಲಿ ಆ ವಿವರಗಳನ್ನು ಮಂಡಿಸಿದ. ಆ ಪದ್ಧತಿಗೆ ವಾರ್‌ಡ್ರೈವಿಂಗ್ ಎಂಬ ಹೆಸರಾಯಿತು. ಅದೇ ವರ್ಷ ಮೇರಿಯಸ್ ಮಿಲ್ನರ್ ಎಂಬಾತ ವಿಂಡೋಸ್‌ಗಾಗಿ ನೆಟ್‌ಸ್ಟಂಬ್ಲರ್ ಎಂಬ ತಂತ್ರಾಂಶವನ್ನು ಬರೆದು ಉಚಿತವಾಗಿ ಹಂಚಿದ. ಮೈಕ್ ಕರ್ಶಾ ಎಂಬಾತ ಲಿನಕ್ಸ್‌ಗಾಗಿ ಕಿಸ್ಮೆಟ್ ಎಂಬುದನ್ನು ಬರೆದ.

ಈ ಎರಡಕ್ಕೂ ಒಂದು ಮುಖ್ಯ ವ್ಯತ್ಯಾಸವಿತ್ತು. ತರಗತಿಯ ಉದಾಹರಣೆಯಿಂದಲೇ ಹೇಳುತ್ತೇನೆ. ನೆಟ್‌ಸ್ಟಂಬ್ಲರ್ ಹಾಜರಿ ಕೂಗುವ ಮೇಷ್ಟ್ರಂತೆ. "ಯಾರ್ಯಾರಿದ್ದೀರಿ?" ಎಂದು ಕೂಗಿ, "ಹಾಜರ್ ಸಾರ್" ಎಂದವರನ್ನಷ್ಟೇ ಬರೆದುಕೊಳ್ಳುತ್ತಿತ್ತು. ಕಿಸ್ಮೆಟ್ ಕೊನೆಯ ಬೆಂಚಿನಲ್ಲಿ ಮಾತಿಲ್ಲದೆ ಕುಳಿತು ಕಿವಿಗೊಡುವ ಹುಡುಗನಂತೆ. ಹಾಜರಿಗೆ ಉತ್ತರಿಸದವನೂ ಪಕ್ಕದವನೊಡನೆ ಪಿಸುಗುಟ್ಟಿದರೆ ಸಿಕ್ಕಿಬೀಳುತ್ತಿದ್ದ. ಹೀಗೆ ಮೌನವಾಗಿ ಕೇಳಲು ವೈಫೈ ಕಾರ್ಡಿನ ಚಿಪ್ ಒಪ್ಪಬೇಕು. ಇದಕ್ಕೆ ಮಾನಿಟರ್ ಮೋಡ್ ಎನ್ನುತ್ತಾರೆ. ಕೊಳ್ಳುವವರು ಇಂದಿಗೂ ಎಡವುವುದು ಇಲ್ಲಿಯೇ. ಡಬ್ಬಿಯ ಮೇಲಿನ ಮಾದರಿಯ ಹೆಸರು ಒಂದೇ ಇದ್ದರೂ ಒಳಗಿನ ಚಿಪ್ ಆವೃತ್ತಿಯಿಂದ ಆವೃತ್ತಿಗೆ ಬದಲಾಗಿರಬಹುದು. ಆದ್ದರಿಂದ ಹೆಸರು ನೋಡಿ ಕೊಳ್ಳದೆ ಚಿಪ್ ಯಾವುದೆಂದು ವಿಚಾರಿಸಿ ಕೊಳ್ಳಬೇಕು. ಎಥೆರಾಸ್ ಎಆರ್9271 ಚಿಪ್ ಇರುವ ಅಗ್ಗದ ಯುಎಸ್‌ಬಿ ಕಾರ್ಡುಗಳು ಬಹಳ ಕಾಲ ಈ ಕೆಲಸಕ್ಕೆ ಹೆಸರುವಾಸಿಯಾಗಿದ್ದವು. ಆದರೆ ಅವು 2.4 ಗಿಗಾಹರ್ಟ್ಸ್ ಮಾತ್ರ ಕೇಳಬಲ್ಲವು. ಹೀಗೆ ಹಿಡಿದ ಸಂವಾದವನ್ನು ಬಿಡಿಸಿ ನೋಡಲು ಜೆರಾಲ್ಡ್ ಕೋಂಬ್ಸ್ 1998ರಲ್ಲಿ ಹೊರತಂದ ಎಥೆರಿಯಲ್ ಎಂಬ ಉಚಿತ ತಂತ್ರಾಂಶವಿದೆ. 2006ರಿಂದ ಅದರ ಹೆಸರು ವೈರ್‌ಶಾರ್ಕ್. ನಮ್ಮದಲ್ಲದ ಜಾಲದ ಮಾತನ್ನು ಕದ್ದು ಕೇಳುವುದು ಅಪರಾಧ ಎಂಬುದನ್ನು ನಾನು ಬೇರೆ ಹೇಳಬೇಕಾಗಿಲ್ಲ.

ಆ ದಿನಗಳ ಇನ್ನೊಂದು ಸ್ವಾರಸ್ಯಕರ ಪ್ರಕರಣ ಡಬ್ಬಿಯ ಆಂಟೆನಾ. 2001ರಲ್ಲಿ ರಾಬ್ ಫ್ಲಿಕೆಂಜರ್ ಎಂಬಾತ ಆಲೂಗಡ್ಡೆ ಚಿಪ್ಸ್ ತುಂಬುವ ಪ್ರಿಂಗಲ್ಸ್ ಕೊಳವೆಯಿಂದ ಆಂಟೆನಾ ಮಾಡಿದ. ತಗುಲಿದ ಖರ್ಚು ಆರೂವರೆ ಡಾಲರಿನ ಆಸುಪಾಸು. ಸುದ್ದಿ ಜಗತ್ತೆಲ್ಲ ಹಬ್ಬಿತು. ಮರುವರ್ಷ ಗ್ರೆಗರಿ ರೆಮ್ ಎಂಬಾತ ಬಗೆಬಗೆಯ ಡಬ್ಬಿಗಳನ್ನು ಸಾಲಾಗಿ ಇಟ್ಟು ಅಳೆದು ನೋಡಿದ. ಹೆಸರು ಮಾಡಿದ ಪ್ರಿಂಗಲ್ಸ್‌ಗಿಂತ ಸಾಮಾನ್ಯ ಅಡುಗೆ ಸಾಮಾನಿನ ತಗಡಿನ ಡಬ್ಬಿಯೇ ಮೇಲಾಗಿ ಕಂಡಿತು. ಕಾರಣ ಸರಳ: ಡಬ್ಬಿ ಅಲೆಯನ್ನು ಒಯ್ಯುವ ಕೊಳವೆಯಾಗಬೇಕಾದರೆ 2.4 ಗಿಗಾಹರ್ಟ್ಸ್‌ಗೆ ಅದರ ವ್ಯಾಸ ಸುಮಾರು 8ರಿಂದ 9 ಸೆಂಟಿಮೀಟರ್ ಇರಬೇಕು. ಚಿಪ್ಸಿನ ಕೊಳವೆ ಅದಕ್ಕಿಂತ ಸಪೂರ. ನ್ಯೂಜಿಲೆಂಡಿನ ಸ್ಟಾನ್ ಸ್ವಾನ್ ಇನ್ನೂ ಮುಂದೆ ಹೋಗಿ, ಕರಿದ ತಿಂಡಿಯನ್ನು ಎಣ್ಣೆಯಿಂದ ಎತ್ತುವ ತಂತಿಯ ಜಾಲರಿ ಸೌಟಿನ ನಾಭಿಯಲ್ಲಿ ಯುಎಸ್‌ಬಿ ವೈಫೈ ಕಾರ್ಡನ್ನು ಕಟ್ಟಿದ. ಸೌಟು ನಿಮ್ನ ದರ್ಪಣದಂತೆ ಕೆಲಸ ಮಾಡಿತು. ಹತ್ತನೆಯ ತರಗತಿಯಲ್ಲಿ ನಾವು ಬರೆದ ಕಿರಣರೇಖಾಚಿತ್ರ ಯಾರಿಗೆ ನೆನಪಿದೆಯೋ ಅವರಿಗೆ ಇದು ಕೂಡಲೇ ಅರ್ಥವಾದೀತು. ಇಂತಹ ದಿಕ್ಕಿನ ಆಂಟೆನಾವನ್ನು ಸುತ್ತಲೂ ತಿರುಗಿಸಿದರೆ ತೊಂದರೆ ಯಾವ ದಿಕ್ಕಿನಿಂದ ಬರುತ್ತಿದೆ ಎಂಬುದೂ ತಿಳಿಯುತ್ತದೆ.

ಆದರೆ ವೈಫೈ ಕಾರ್ಡಿಗೆ ಒಂದು ಹುಟ್ಟುಗುಣದ ಮಿತಿಯಿದೆ. ಅದು ವೈಫೈ ಭಾಷೆಯನ್ನಷ್ಟೇ ಬಲ್ಲದು. ಮೈಕ್ರೋವೇವ್ ಒಲೆ, ನಿಸ್ತಂತು ಕ್ಯಾಮೆರಾ, ಬ್ಲೂಟೂತ್ ಇವೆಲ್ಲ ಅದರ ಪಾಲಿಗೆ ಅರ್ಥವಿಲ್ಲದ ಗದ್ದಲ. ಗದ್ದಲ ಎಲ್ಲಿ, ಎಷ್ಟು ಎಂದು ಚಿತ್ರವಾಗಿ ತೋರಿಸುವುದು ಸ್ಪೆಕ್ಟ್ರಮ್ ಅನಲೈಸರ್, ಅಂದರೆ ರೋಹಿತ ವಿಶ್ಲೇಷಕ. ಅದು ಪ್ರಯೋಗಾಲಯದ ದುಬಾರಿ ಯಂತ್ರವಾಗಿತ್ತು. 2005ರಲ್ಲಿ ಅಮೆರಿಕದ ಐಡಹೋ ರಾಜ್ಯದ ರಯಾನ್ ವುಡಿಂಗ್ಸ್, ನಿಸ್ತಂತು ಮೌಸ್ ಮತ್ತು ಕೀಲಿಮಣೆಗಳಲ್ಲಿ ಬಳಸುವಂಥ ಅಗ್ಗದ ರೇಡಿಯೋ ಚಿಪ್‌ನಿಂದ ವೈ-ಸ್ಪೈ ಎಂಬ ಬೆರಳುದ್ದದ ವಿಶ್ಲೇಷಕವನ್ನು ಮಾಡಿ 99 ಡಾಲರಿಗೆ ಮಾರಿದ. ಪ್ರಯೋಗಾಲಯದ ನಿಖರತೆ ಅದಕ್ಕಿರಲಿಲ್ಲ. ಒಲೆ ಉರಿದಾಗ ಪಟ್ಟಿ ತುಂಬುವುದನ್ನು ಕಾಣಲು ಅಷ್ಟು ನಿಖರತೆ ಬೇಕಾಗಿಯೂ ಇರಲಿಲ್ಲ.

ಅಗ್ಗವಾದದ್ದೆಲ್ಲ ಉಪಯುಕ್ತವಲ್ಲ ಎಂಬುದಕ್ಕೂ ಚರಿತ್ರೆಯಲ್ಲಿ ನಿದರ್ಶನವಿದೆ. 2012ರ ಸುಮಾರಿಗೆ ಟಿವಿ ನೋಡಲು ಮಾಡಿದ ಇಪ್ಪತ್ತು ಡಾಲರಿನ ಯುಎಸ್‌ಬಿ ಕಡ್ಡಿಗಳನ್ನು ರೇಡಿಯೋ ಗ್ರಾಹಕಗಳಾಗಿ ಬಳಸಬಹುದೆಂದು ಹವ್ಯಾಸಿಗಳು ಕಂಡುಕೊಂಡರು. ಆರ್‌ಟಿಎಲ್-ಎಸ್‌ಡಿಆರ್ ಎಂಬ ಆ ಕಡ್ಡಿ ವಿಮಾನಗಳ ಸಂಕೇತದಿಂದ ಹವಾಮಾನ ಉಪಗ್ರಹದವರೆಗೆ ಎಷ್ಟೋ ಕೇಳಿಸಿದೆ. ಆದರೆ ಅದರ ಸಾಮಾನ್ಯ ಮಾದರಿ ಸುಮಾರು 1.7 ಗಿಗಾಹರ್ಟ್ಸ್‌ಗೆ ನಿಂತುಬಿಡುತ್ತದೆ, 2.4ರ ವೈಫೈ ಅದಕ್ಕೆ ನೇರವಾಗಿ ಎಟುಕುವುದಿಲ್ಲ. ವೈಫೈ ದೋಷ ಹುಡುಕಲೆಂದು ಅದನ್ನು ಕೊಂಡರೆ ಇಪ್ಪತ್ತು ಡಾಲರೂ ದಂಡವೇ.

ಈಗ ನಮ್ಮ ದೇಶದ ಎರಡು ಪ್ರಯೋಗಗಳನ್ನು ಹೇಳಬೇಕು, ಏಕೆಂದರೆ ನನ್ನ ಮಾತಿನ ತಿರುಳು ಅಲ್ಲಿದೆ. ಮೊದಲನೆಯದು 2001ರ ನಂತರ ಕಾನ್ಪುರದ ಐಐಟಿಯವರು ಗಂಗಾ ಬಯಲಿನ ಹಳ್ಳಿಗಳ ನಡುವೆ ಕೈಗೊಂಡ ಡಿಜಿಟಲ್ ಗ್ಯಾಂಜೆಟಿಕ್ ಪ್ಲೇನ್ಸ್ ಯೋಜನೆ. ಮನೆಯೊಳಗೆ ಬಳಸಲೆಂದು ಮಾಡಿದ ವೈಫೈಯನ್ನು ಎತ್ತರದ ಕಂಬ ಮತ್ತು ದಿಕ್ಕಿನ ಆಂಟೆನಾಗಳ ನೆರವಿನಿಂದ ಹತ್ತಾರು ಕಿಲೋಮೀಟರ್ ದೂರಕ್ಕೆ ಅವರು ಒಯ್ದರು. ರೇಡಿಯೋ ಅಗ್ಗ, ಕಂಬವೇ ದುಬಾರಿ ಎಂಬುದು ಅವರಿಗಾದ ಮೊದಲ ಪಾಠ. ಭಾಸ್ಕರನ್ ರಾಮನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಳತೆಗಳಿಂದ ಇನ್ನೊಂದು ಪಾಠ ದೊರೆಯಿತು: ಸಂಕೇತಕ್ಕೆ ತಕ್ಕಷ್ಟು ಬಲವಿದ್ದರೂ ಮಾಹಿತಿ ನಷ್ಟವಾಗುತ್ತಿದ್ದರೆ, ಅದಕ್ಕೆ ಮುಖ್ಯ ಕಾರಣ ಬೇರೆ ವೈಫೈಗಳ ಹಸ್ತಕ್ಷೇಪ. ಅಂದರೆ ಸಂಕೇತ ಎಷ್ಟಿದೆ ಎಂಬುದೊಂದನ್ನೇ ತೋರಿಸುವ ಸಾಧನದಿಂದ ರೋಗದ ಅರ್ಧ ಮಾತ್ರ ಕಾಣುತ್ತದೆ.

ಎರಡನೆಯದು ತಮಿಳುನಾಡಿನ ಅರವಿಂದ ಕಣ್ಣಾಸ್ಪತ್ರೆಯದು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾನಿಲಯದ ತಂಡವೊಂದು ಥೇಣಿಯ ಆಸ್ಪತ್ರೆಯನ್ನು ಸುತ್ತಲಿನ ಹಳ್ಳಿಗಳ ದೃಷ್ಟಿಕೇಂದ್ರಗಳಿಗೆ ವೈಫೈಯಿಂದ ಜೋಡಿಸಿತು. ಹಳ್ಳಿಯ ರೋಗಿ ತನ್ನೂರಿನಲ್ಲಿಯೇ ಕುಳಿತು ಆಸ್ಪತ್ರೆಯ ವೈದ್ಯರಿಗೆ ವಿಡಿಯೋ ಮೂಲಕ ಕಣ್ಣು ತೋರಿಸುವಂತಾಯಿತು. ಇಲ್ಲಿ ಜಾಲ ಕೆಟ್ಟರೆ ಒಂದು ದಿನದ ಕೂಲಿ ಬಿಟ್ಟು ಬಂದ ಮುದುಕಿ ವೈದ್ಯರನ್ನು ಕಾಣದೆ ಹಿಂದಿರುಗಬೇಕು. ಜಾಲವನ್ನು ವರ್ಷಗಟ್ಟಲೆ ಉಳಿಸಿಕೊಂಡ ಅನುಭವವನ್ನು ಆ ತಂಡ 2008ರಲ್ಲಿ ಬರೆದಾಗ, ಅದರಲ್ಲಿ ಪ್ರಧಾನವಾಗಿ ಕಂಡದ್ದು ಅಲೆಗಳ ಗಹನ ಸಮಸ್ಯೆಯಲ್ಲ, ವಿದ್ಯುತ್ತು! ಏರಿಳಿಯುವ ವೋಲ್ಟೇಜಿನಿಂದ ಉಪಕರಣಗಳು ಸುಡುತ್ತಿದ್ದವು, ಸ್ತಬ್ಧವಾಗುತ್ತಿದ್ದವು. ಸ್ಥಳೀಯ ಸಿಬ್ಬಂದಿಗೆ ಕೆಟ್ಟದ್ದು ಯಾವುದೆಂದು ಗುರುತಿಸುವುದೇ ಕಷ್ಟವಾಗಿತ್ತು. ಈ ದೋಷವನ್ನು ಯಾವ ರೋಹಿತ ವಿಶ್ಲೇಷಕವೂ ತೋರಿಸಲಾರದು. ತೋರಿಸುವುದು ಎಲೆಕ್ಟ್ರಿಷಿಯನ್ನನ ಚೀಲದಲ್ಲಿರುವ ಮಲ್ಟಿಮೀಟರ್.

ನಮ್ಮ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ಇದೇ ನಡೆಯಿತು. ಹಳೆಯ ವಿದ್ಯಾರ್ಥಿಗಳು ಕೈಯಿಂದ ಹಣ ಹಾಕಿ ಗಣಕ ಕೋಣೆಗೆ ಮತ್ತು ಗ್ರಂಥಾಲಯಕ್ಕೆ ವೈಫೈ ಹಾಕಿಸಿದ್ದರು. ಆನ್‌ಲೈನ್ ಪಾಠ ದಿನಕ್ಕೆ ನಾಲ್ಕಾರು ಸಲ ಕಡಿಯುತ್ತಿತ್ತು. ಪಟ್ಟಣದ ಒಂದು ಸಂಸ್ಥೆಯವರು ಸಮೀಕ್ಷೆಗೆಂದು ಕೊಟ್ಟ ದರಪಟ್ಟಿ ಇಡೀ ಜಾಲಕ್ಕೆ ತಗುಲಿದ ಖರ್ಚನ್ನೂ ಮೀರಿತ್ತು. ದಾನಿಗಳಲ್ಲಿ ಒಬ್ಬಾತ ಆಟೋ ಓಡಿಸಿ ಕೂಡಿಟ್ಟದ್ದನ್ನು ಕೊಟ್ಟವನು ಎಂದು ನನಗೆ ಗೊತ್ತಿತ್ತು. ಆದ್ದರಿಂದ ಮುಖ್ಯೋಪಾಧ್ಯಾಯರನ್ನು ಒಪ್ಪಿಸಿ, ಒಂಬತ್ತನೆಯ ತರಗತಿಯ ಇಬ್ಬರು ಮಕ್ಕಳಿಗೆ ಕೆಲಸ ಹಚ್ಚಿದೆ. ಗ್ರಾಫ್ ಹಾಳೆಯಲ್ಲಿ ಶಾಲೆಯ ನಕ್ಷೆ ಬರೆದು, ಆಂಡ್ರಾಯ್ಡ್ ಮೊಬೈಲಿನ ಉಚಿತ ತಂತ್ರಾಂಶದಿಂದ ಪ್ರತಿ ಕೋಣೆಯ ನಾಲ್ಕು ಮೂಲೆಯಲ್ಲಿ ಅಳೆದು ಗುರುತಿಸಿದರು. ಗ್ರಂಥಾಲಯದಲ್ಲಿ ಕಬ್ಬಿಣದ ಬೀರುಗಳ ಹಿಂದೆ ಸಂಕೇತ ಬಹಳ ಕುಸಿದಿತ್ತು. ಆದರೆ ಪಾಠ ಕಡಿಯುತ್ತಿದ್ದ ಗಣಕ ಕೋಣೆಯಲ್ಲಿ ಸಂಕೇತ ಚೆನ್ನಾಗಿಯೇ ಇತ್ತು. ಹಾಗಿದ್ದರೆ ಕಡಿಯುವುದೇಕೆ? ಒಂದು ನೋಟ್‌ಪುಸ್ತಕ ಕೊಟ್ಟು, ಕಡಿದಾಗಲೆಲ್ಲ ಗಂಟೆ ನಿಮಿಷ ಬರೆಯಿರಿ ಎಂದೆ. ಮೂರನೆಯ ದಿನ ಹುಡುಗಿಯೇ ಬಂದು ಹೇಳಿದಳು: "ಸಾರ್, ಬೋರ್‌ವೆಲ್ ಮೋಟಾರು ಹಾಕಿದಾಗೆಲ್ಲ ಹೋಗುತ್ತೆ." ಎಲೆಕ್ಟ್ರಿಷಿಯನ್ ಬಂದು ಮಲ್ಟಿಮೀಟರ್ ಹಿಡಿದು ನೋಡಿದ. ಮೋಟಾರು ಹೊರಟ ಕ್ಷಣ ವೋಲ್ಟೇಜ್ ಕುಸಿದು ರೂಟರ್ ನಿಂತು ಮತ್ತೆ ಹೊರಡುತ್ತಿತ್ತು. ಸಣ್ಣದೊಂದು ಯುಪಿಎಸ್ ಇಟ್ಟ ಮೇಲೆ ಪಾಠ ಕಡಿಯಲಿಲ್ಲ. ಉಳಿದ ಹಣದಲ್ಲಿ ಗ್ರಂಥಾಲಯಕ್ಕೆ ಕೇಬಲ್ ಎಳೆದು ಇನ್ನೊಂದು ಆಕ್ಸೆಸ್ ಪಾಯಿಂಟ್ ಹಾಕಲಾಯಿತು.

ಇಷ್ಟನ್ನೆಲ್ಲ ಹೇಳಿದ ಮೇಲೆ ಕೊಳ್ಳುವ ಕ್ರಮವನ್ನು ಹೀಗೆ ಹೇಳಬಹುದು. ಮೊದಲು ವಿದ್ಯುತ್ತನ್ನು ನೋಡಿ; ಕೆಲವು ನೂರು ರೂಪಾಯಿಯ ಮಲ್ಟಿಮೀಟರ್ ಸಾಕು. ಎರಡನೆಯದಾಗಿ ಪಿಂಗ್. 1983ರ ಡಿಸೆಂಬರಿನಲ್ಲಿ ಮೈಕ್ ಮೂಸ್ ಎಂಬಾತ ಬರೆದ ಈ ಪುಟ್ಟ ತಂತ್ರಾಂಶ ಇಂದು ಎಲ್ಲ ಗಣಕಗಳಲ್ಲಿಯೂ ಇದೆ. ಮೊದಲು ನಿಮ್ಮದೇ ರೂಟರಿಗೆ, ಅನಂತರ ಹೊರಗಿನ ಒಂದು ವಿಳಾಸಕ್ಕೆ ಪಿಂಗ್ ಕಳುಹಿಸಿ. ರೂಟರಿನಿಂದ ಉತ್ತರ ಸರಿಯಾಗಿ ಬಂದು ಹೊರಗಿನಿಂದ ಬಾರದಿದ್ದರೆ ದೋಷ ನಿಮ್ಮ ಗಾಳಿಯಲ್ಲಿಲ್ಲ, ಹೊರಗಿನ ತಂತಿಯಲ್ಲಿದೆ. ಮೂರನೆಯದಾಗಿ ಮೊಬೈಲ್ ಮತ್ತು ಗ್ರಾಫ್ ಹಾಳೆ. ಮೊಬೈಲ್ ತೋರಿಸುವ ಅಂಕಿ ಋಣಸಂಖ್ಯೆಯಾಗಿರುತ್ತದೆ. −60ಕ್ಕಿಂತ −70 ಹತ್ತು ಪಟ್ಟು ಕ್ಷೀಣ, −80 ನೂರು ಪಟ್ಟು. ಧ್ವನಿ ಮತ್ತು ವಿಡಿಯೋಗೆ −67 ಅಥವಾ ಅದಕ್ಕಿಂತ ಮೇಲಿರಲಿ ಎಂಬುದು ಬಲ್ಲವರ ರೂಢಿ. ಒಂದೊಂದು ಮೊಬೈಲ್ ಒಂದೊಂದು ಅಂಕಿ ತೋರಿಸುವುದರಿಂದ ಇಡೀ ಸಮೀಕ್ಷೆಯನ್ನು ಒಂದೇ ಮೊಬೈಲಿನಲ್ಲಿ ಮಾಡಬೇಕು. 2018ರ ಆಂಡ್ರಾಯ್ಡ್ 9ರಿಂದ ಈಚೆಗೆ ತಂತ್ರಾಂಶಗಳು ಎರಡು ನಿಮಿಷಕ್ಕೆ ನಾಲ್ಕೇ ಸಲ ಹೊಸದಾಗಿ ಹುಡುಕಬಹುದೆಂಬ ಮಿತಿಯಿದೆ. ಆಂಡ್ರಾಯ್ಡ್ 10ರಲ್ಲಿ ಈ ಮಿತಿಯನ್ನು ತೆಗೆಯುವ ಆಯ್ಕೆ ಡೆವಲಪರ್ ವಿಭಾಗದಲ್ಲಿ ಬಂತು. ಇದನ್ನರಿಯದೆ ಓಡುತ್ತ ಅಳೆದರೆ ಹಿಂದಿನ ಕೋಣೆಯ ಅಂಕಿಯನ್ನು ಮುಂದಿನ ಕೋಣೆಗೆ ಬರೆದಂತಾಗುತ್ತದೆ. ಅದೇ ಹೊತ್ತಿಗೆ ನೆರೆಯ ಜಾಲಗಳು ಯಾವ ಚಾನೆಲ್‌ನಲ್ಲಿವೆ ಎಂದೂ ನೋಡಿ. 2.4ರಲ್ಲಿ ಒಂದರ ಮೇಲೊಂದು ಬೀಳದಂತೆ ಸಾಮಾನ್ಯವಾಗಿ ಬಳಸುವ ಚಾನೆಲ್‌ಗಳು 1, 6 ಮತ್ತು 11.

ಇವುಗಳಿಂದ ರೋಗ ಪತ್ತೆಯಾಗದಿದ್ದರೆ ಮಾತ್ರ ಮಾನಿಟರ್ ಮೋಡ್ ಇರುವ ಕಾರ್ಡನ್ನೂ, ವೈಫೈ ಅಲ್ಲದ ಗದ್ದಲದ ಅನುಮಾನವಿದ್ದರೆ ರೋಹಿತ ವಿಶ್ಲೇಷಕವನ್ನೂ ಯೋಚಿಸಿ. ನೂರಾರು ಹಾಸಿಗೆಯ ಆಸ್ಪತ್ರೆ, ಹಲವು ಮಹಡಿಯ ಕಾಲೇಜು ಇಂತಹ ಕಡೆ ವೃತ್ತಿಪರ ಸಮೀಕ್ಷೆಗೆ ಹಣ ಕೊಡುವುದು ನ್ಯಾಯವೇ. ಅಲ್ಲಿ ಕೂಡ ಕರೆಯುವ ಮೊದಲು ನಿಮ್ಮ ನೋಟ್‌ಪುಸ್ತಕ ತುಂಬಿರಲಿ: ಯಾವ ಜಾಗ, ಯಾವ ಹೊತ್ತು, ಆಗ ಏನೇನು ನಡೆಯುತ್ತಿತ್ತು. ಆ ಪುಸ್ತಕ ಕೈಯಲ್ಲಿದ್ದರೆ ಬಂದವರು ಯಾವ ಪ್ರಶ್ನೆಗೆ ಉತ್ತರ ಹುಡುಕಬೇಕೆಂದು ನೀವೇ ಹೇಳಬಹುದು, ಅವರು ಕೊಟ್ಟ ಬಣ್ಣದ ನಕ್ಷೆ ಆ ಪ್ರಶ್ನೆಗೆ ಉತ್ತರಿಸಿದೆಯೇ ಎಂದು ನೋಡಿ ಹಣ ಸಲ್ಲಿಸಬಹುದು.

ನಿಮ್ಮ ಶಾಲೆಯಲ್ಲೋ ಕಚೇರಿಯಲ್ಲೋ ಮನೆಯಲ್ಲೋ ಇಂತಹ ಹುಡುಕಾಟ ನಡೆಸಿದ್ದರೆ, ಕೊನೆಗೆ ಸಿಕ್ಕ ಕಾರಣ ಯಾವುದೆಂದು ದಯವಿಟ್ಟು ಬರೆದು ತಿಳಿಸಿ. ಆ ಇಬ್ಬರು ಮಕ್ಕಳು ಅಂತಹ ಕಾರಣಗಳ ಪಟ್ಟಿಯೊಂದನ್ನು ಮಾಡುತ್ತಿದ್ದಾರೆ. ಮೋಟಾರು ಅದರಲ್ಲಿ ಮೊದಲನೆಯದು.